ತಗಣೆ ಓಡಿಸಿದ ಮಳೆಗಾಲ

ಕಳೆದ ಶ್ರಾವಣದಲ್ಲಿ ನಮ್ಮ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಸೊನ್ನದ ಬ್ಯಾರೇಜ್ ನೋಡಲು ಹೋಗಿದ್ದೆ. ಭೀಮೆ ತುಂಬಿ ಹರಿಯುತ್ತಿದ್ದಳು. ಗೇಟಿನಿಂದ ಧುಮುಕುವ ನೀರಿನ ಎದುರು ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಒಬ್ಬ ಹುಡುಗಿ ಮಾತ್ರ ರಸ್ತೆ ಬದಿಯಲ್ಲಿ ಮೇಯುತ್ತಿದ್ದ ಆಡುಗಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಂದು ಎಲೆಯನ್ನು ಅಂಗೈಯಲ್ಲಿ ಹಿಸುಕಿಕೊಂಡು ನನ್ನ ಹತ್ತಿರ ಬಂದಳು.

“ಮೇಡಮ್, ಆಡು ಎಲ್ಲಾ ತಿನ್ನಾಕತ್ತದ, ಇದೊಂದು ತಪ್ಪಲ ಮಾತ್ರ ಮೂಸಿ ಬಿಡಾಕತ್ತದ. ಯಾಕ್ರಿ?”

ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಸೀತಾಫಲದ ಎಲೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡುವ ಎಲೆ ಅದು. ಹಸಿಯಾದ, ಕಹಿಯಾದ, ಸ್ವಲ್ಪ ತಲೆಗೇರುವಂಥ ಆ ವಾಸನೆ ಬಡಿದದ್ದೇ ತಡ, ನನಗೆ ನಗು ಬಂತು. ಹುಡುಗಿ ಗಾಬರಿಯಾಗಿ, ತಾನೇನಾದರೂ ತಪ್ಪು ಕೇಳಿದೆನೋ ಎಂಬಂತೆ ನೋಡಿದಳು. ಹಿಂತಿರುಗುವಾಗ ಬಸ್ಸಿನಲ್ಲಿ ಅವಳಿಗೆ ಕಥೆ ಹೇಳಲು ಶುರು ಮಾಡಿದೆ. ಅಫಜಲಪುರ ದಾಟುವುದರೊಳಗೆ ಉಳಿದವರೂ ಸುತ್ತ ನೆರೆದರು. ಜೇವರ್ಗಿ ಬಂದರೂ ಕಥೆ ಮುಗಿದಿರಲಿಲ್ಲ.

ಆಗ ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ನಮ್ಮೂರು ಜೇವರ್ಗಿ ತಾಲೂಕಿನ ಅಂದೋಲಾ. ನನ್ನ ಜೊತೆಗಾತಿ ಆಳಂದದ ರೇಷ್ಮಾ. ಇಬ್ಬರಿಗೂ ಒಬ್ಬರೇ ಗೈಡ್, ಒಂದೇ ಹಾಸ್ಟೆಲ್ ಕೋಣೆ, ಓಡಾಡಲು ಅವಳ ಅಪ್ಪ ಕೊಡಿಸಿದ್ದ ಒಂದೇ ಸ್ಕೂಟಿ. ಗಿಡಗಳ ಸಾರದಿಂದ, ಮತ್ತು ಆ ಸಾರವನ್ನೇ ಬಳಸಿ ಮಾಡಿದ ಬೆಳ್ಳಿಯ ನ್ಯಾನೋ ಕಣಗಳಿಂದ ಮನೆಯೊಳಗಿನ ಕೀಟಗಳನ್ನು ಹತೋಟಿಗೆ ತರುವುದು ನಮ್ಮ ವಿಷಯ. ಇದನ್ನು ಅವ್ವನಿಗೆ ತಿಳಿಯುವ ಹಾಗೆ ಹೇಳಲು ನಾನು ಬಹಳ ಕಷ್ಟಪಟ್ಟಿದ್ದೆ. ಎಲೆ ಕುದಿಸಿ ಸೋಸಿದ ನೀರಿಗೆ ಬೆಳ್ಳಿಯ ಉಪ್ಪು ಕರಗಿಸಿದ ನೀರು ಬೆರೆಸಿದರೆ, ಎಲೆಯ ಸತ್ವವೇ ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಣ ಮಾಡುತ್ತದೆ, ಆ ನೀರು ಹುಳಕ್ಕೆ ಆಗಿಬರುವುದಿಲ್ಲ ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಬೆಳ್ಳಿ ಹಾಕಿ ಹುಳಾ ಕೊಲ್ತೀರೇನು? ನಾವು ಚಪ್ಪಲಿಲೇ ಕೊಲ್ತಿದ್ವಿ” ಎಂದಳು.

ನಮಗಿಂತ ಮುಂಚೆ ಬಂದವರು ಸೊಳ್ಳೆ, ಜಿರಳೆ, ಇರುವೆಗಳನ್ನು ಹಂಚಿಕೊಂಡು ಬಿಟ್ಟಿದ್ದರು. ಯಾರಿಗೂ ಬೇಡವಾಗಿ ಉಳಿದದ್ದು ತಗಣೆ. ಅದನ್ನೇ ನಾವು ಹಿಡಿದೆವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ತಿರುಗಿ ಎಲೆ ತರಬೇಕು, ಹಾಗೆಯೇ ಮನೆಗಳಿಂದ ಜೀವಂತ ತಗಣೆಗಳನ್ನು ಹಿಡಿದು ತರಬೇಕು.

ಎಲೆ ಸಿಕ್ಕವು. ಮಿರಗದ ಮಳೆ ಬಿದ್ದು ಹೊಲದ ಬದುಗಳೆಲ್ಲ ಹಸಿರಾಗಿದ್ದವು. ಆಳಂದದ ಕಲ್ಲುದಿಬ್ಬಗಳಲ್ಲಿ, ಭೀಮೆಯ ದಂಡೆಯಲ್ಲಿ, ನಮ್ಮೂರಿನ ಹಿತ್ತಲುಗಳಲ್ಲಿ ಸೀತಾಫಲದ ಗಿಡಗಳು ಬೇಕಾದಷ್ಟಿದ್ದವು. ಕಪ್ಪು ಎರಿ ಮಣ್ಣಿಗೆ ಸ್ಕೂಟಿಯ ಗಾಲಿ ಕಚ್ಚಿಕೊಂಡು ನಿಂತರೆ, ಒಬ್ಬಳು ಹ್ಯಾಂಡಲ್ ಹಿಡಿಯುವುದು, ಇನ್ನೊಬ್ಬಳು ಕಡ್ಡಿಯಿಂದ ಮಣ್ಣು ಕೀಳುವುದು. ತೊಗರಿ ಬಿತ್ತುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ತಗಣೆ ಸಿಗಲಿಲ್ಲ. ಇದ್ದದ್ದು ಸುಳ್ಳಲ್ಲ, ಎಲ್ಲರ ಮನೆಯಲ್ಲೂ ಇದ್ದವು. ಒಪ್ಪುವವರು ಮಾತ್ರ ಒಬ್ಬರೂ ಇರಲಿಲ್ಲ. ಬಾಗಿಲಲ್ಲಿ ನಿಂತು, “ನಿಮ್ಮ ಮನ್ಯಾಗ ತಗಣಿ ಅವೇನ್ರಿ?” ಎಂದು ಕೇಳಿದರೆ ಯಾರು ತಾನೆ ಹೌದೆಂದಾರು? ಒಬ್ಬಾಕೆ ಹೊರಸಿನ ಮೇಲೆ ಕೂತು ಬೆನ್ನು ಕೆರೆದುಕೊಳ್ಳುತ್ತಲೇ, “ನಮ್ಮ ಮನ್ಯಾಗ ಬಿಲ್ಕುಲ್ ಇಲ್ರಿ, ಬಾಜೂ ಮನ್ಯಾಗ ಕೇಳ್ರಿ” ಎಂದಳು. ಬಾಜೂ ಮನೆಯವರು ನಮ್ಮನ್ನು ಮತ್ತೆ ಇವಳ ಮನೆಗೇ ಕಳಿಸಿದರು. ಆಳಂದದಲ್ಲಿ ರೇಷ್ಮಾಳ ಅಮ್ಮೀಜಾನ್ ನಮಗೆ ಚಹಾ ಕೊಟ್ಟು, ಬಾಗಿಲು ಮುಂದೆ ಮಾಡಿ, “ನಕ್ಕೋ ಬೇಟಾ, ಆ ಮಾತು ಜೋರಲೇ ಆಡಬ್ಯಾಡ. ಮೊಹಲ್ಲಾದ ಮಂದಿ ನಮ್ಮ ಮನ್ಯಾಗೇ ಅವ ಅಂತಾರ” ಎಂದರು. ರೇಷ್ಮಾ ನನ್ನ ಮುಖ ನೋಡಿದಳು. ಆ ಮನೆಯ ಗಾದಿಯ ಮೇಲೆ ನಾನು ಹಿಂದೊಮ್ಮೆ ಮಲಗಿದ್ದೆ, ಅದರಲ್ಲಿ ಏನಿತ್ತೆಂದು ಮೈಗೆ ಗೊತ್ತಿತ್ತು. ಇಬ್ಬರೂ ಚಹಾ ಕುಡಿಯತೊಡಗಿದೆವು.

ನಮ್ಮ ಗೈಡ್ ಸರ್ ಸಿಟ್ಟು ಮಾಡುವವರಲ್ಲ. ಕನ್ನಡಕ ಒರೆಸಿಕೊಳ್ಳುತ್ತ, “ಹುಳಾನೇ ಇಲ್ದ ಹುಳದ ಸಂಶೋಧನೆ ಹ್ಯಾಂಗ ಮಾಡ್ತೀರಿ? ದಸರಾದೊಳಗ ಏನರೆ ತೋರಸ್ರಿ. ಇಲ್ಲಾಂದ್ರ ವಿಷಯ ಬದಲ ಮಾಡೋಣು” ಎಂದರು.

ಇತ್ತ ಪ್ರಯೋಗಾಲಯದಲ್ಲೂ ನಮ್ಮ ಗ್ರಹಚಾರ ನೆಟ್ಟಗಿರಲಿಲ್ಲ. ಎಲೆಯ ನೀರಿಗೆ ಬೆಳ್ಳಿಯ ನೀರು ಬೆರೆಸಿದಾಗ ತಿಳಿಹಳದಿ ಬಣ್ಣ ತಿರುಗಿ ಕಂದಾಗಬೇಕು. ಕಂದಾದರೆ ಕಣಗಳು ಹುಟ್ಟಿದವು ಎಂದು ಅರ್ಥ. ನಮ್ಮದು ಹಾಲಿನ ಹಾಗೆ ಬೆಳ್ಳಗೆ ಒಡೆದು ಕೂತಿತು. ಬಟ್ಟಿ ಇಳಿಸಿದ ನೀರಿನ ಯಂತ್ರ ಕೆಟ್ಟು ಕೂತಿದ್ದರಿಂದ ಶೋಧಿಸಿದ ನಲ್ಲಿ ನೀರನ್ನೇ ಬಳಸಿದ್ದೆವು. ರೇಷ್ಮಾ ಬ್ಯಾಟರಿ ಅಂಗಡಿಯಿಂದ ನೀರಿನ ಕ್ಯಾನ್ ತಂದಳು. ಅದು ಯಾವ ನೀರೋ ಏನೋ, ಅದೂ ಬೆಳ್ಳಗಾಯಿತು. ಪರೀಕ್ಷಾ ನಳಿಕೆ ಹಿಡಿದುಕೊಂಡು ಇಬ್ಬರೂ ಕಿಟಕಿಯ ಕಟ್ಟೆಯ ಮೇಲೆ ಕೂತೆವು. ಹೊರಗೆ ಮೋಡ ಕಟ್ಟಿತ್ತು.

“ಶಶಿ, ಹತ್ತನೇ ಕ್ಲಾಸಿನ್ಯಾಗ ಉಪ್ಪಿನ ನೀರಿಗಿ ಈ ಬೆಳ್ಳಿ ನೀರು ಹಾಕಿದ್ರ ಏನಾಗ್ತಿತ್ತು?” ಎಂದಳು ರೇಷ್ಮಾ ಇದ್ದಕ್ಕಿದ್ದಂತೆ.

“ಬೆಳ್ಳಗ ಆಗ್ತಿತ್ತು” ಎಂದೆ. ಹೇಳಿದ ಮೇಲೆ ಹೊಳೆಯಿತು. ನಲ್ಲಿಗೆ ಬರುವ ನಮ್ಮ ಕಡೆಯ ಬೋರಿನ ನೀರಲ್ಲಿ ಉಪ್ಪಿನ ಅಂಶ ಹೆಚ್ಚು. ಬೆಳ್ಳಿ ಎಲೆಯ ಕೈಗೆ ಸಿಗುವ ಮೊದಲೇ ಆ ಉಪ್ಪು ಅದನ್ನು ಹಿಡಿದು ತಳಕ್ಕೆ ಕೂರಿಸುತ್ತಿತ್ತು.

ಅಷ್ಟರಲ್ಲಿ ಮಳೆ ಬಂತು. ಆರಿದ್ರಾ ಮಳೆ, ದೊಡ್ಡ ದೊಡ್ಡ ಹನಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡವರು ಗಾಜಿನ ಬೀಕರುಗಳನ್ನು ಎತ್ತಿಕೊಂಡು ಮಾಳಿಗೆಗೆ ಓಡಿದೆವು. ಮೊದಲ ಮಳೆ ಗಾಳಿಯ ಧೂಳನ್ನು ತೊಳೆಯಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಬೀಕರುಗಳನ್ನು ಸಾಲಾಗಿ ಇಟ್ಟು, ಹಾರದಂತೆ ಕಾಯುತ್ತ ನೆನೆದೆವು. ಸಸ್ಯಶಾಸ್ತ್ರದವರು ಕೊಡೆ ಹಿಡಿದು ಎದುರಿನ ವರಾಂಡದಲ್ಲಿ ನಿಂತು ಈ ಹುಚ್ಚು ನೋಡಿದರು.

ಆ ಮಳೆನೀರಿನಲ್ಲಿ ಎಲೆ ಕುದಿಸಿ, ಅದೇ ನೀರಿನಲ್ಲಿ ಬೆಳ್ಳಿಯ ಉಪ್ಪು ಕರಗಿಸಿ ಬೆರೆಸಿದೆವು. ಏನೂ ಆಗಲಿಲ್ಲ. ನಾನು ಒದ್ದೆ ಓಡನಿ ಹಿಂಡಿಕೊಂಡು ಬರಲು ಹೋದೆ. ಬರುವಷ್ಟರಲ್ಲಿ ರೇಷ್ಮಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ತಿಳಿಹಳದಿ ನೀರು ಜೇನಿನ ಬಣ್ಣಕ್ಕೆ ತಿರುಗಿತ್ತು. ನಾವು ನೋಡುತ್ತಿದ್ದಂತೆಯೇ ಚಹಾ ಆಯಿತು, ಆಮೇಲೆ ಹಾಲು ಹಾಕದ ಕಡಕ್ ಚಹಾ. ನಾನು ಆ ನಳಿಕೆಯನ್ನು ಬೆಳಕಿಗೆ ಹಿಡಿದೆ. ಎಂಥ ಚಂದದ ಕಂದು ಅದು. ಆಮೇಲೆ ಯಂತ್ರ ರಿಪೇರಿಯಾಗಿ, ಎಲ್ಲವನ್ನೂ ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮಾಡಿದೆವು, ಸರ್ ಮಾಡಿಸಿದರು. ಅದೂ ಆಯಿತು. ಆದರೆ ಮಳೆ ನೀರಿನ ಆ ಬಣ್ಣ ಮತ್ತೊಮ್ಮೆ ಬರಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ.

ಕಣ ಸಿಕ್ಕಿದ್ದವು, ಹುಳ ಸಿಕ್ಕಿರಲಿಲ್ಲ. ಅಂಥದರಲ್ಲಿ ಒಂದು ದಿನ ರೇಷ್ಮಾಳ ಫೋನಿಗೆ ಅಫಜಲಪುರದಿಂದ ಒಂದು ಕರೆ.

ಮಾತಾಡಿದವಳು ಕೌದಿ ನೀಲಮ್ಮ. ಹಿಂದಿನ ವಾರವಷ್ಟೇ ನಾವು ಅವಳ ಮನೆಗೂ ಹೋಗಿ ಕೇಳಿದ್ದೆವು. ಪ್ರಶ್ನೆ ಮುಗಿಯುವ ಮುಂಚೆಯೇ ಬಾಗಿಲು ಹಾಕಿಕೊಂಡಿದ್ದಳು. ಬಾಗಿಲ ಸಂದಿಯಲ್ಲಿ ರೇಷ್ಮಾ ನಂಬರಿನ ಚೀಟಿ ತುರುಕಿ ಬಂದಿದ್ದಳು.

“ಯವ್ವಾ, ನೀವು ಸೀತಾಫಲದ ತಪ್ಪಲ ಹರಕೊಂಡು ಹೋಗ್ತೀರಂತಲ್ಲ. ನಮ್ಮ ಹಿತ್ತಲದಾಗೂ ಗಿಡ ಅದ. ಬರ್ರಿ” ಎಂದಳು. ಸ್ವಲ್ಪ ತಡೆದು, “ಇಬ್ಬರೇ ಬರ್ರಿ” ಎಂದಳು.

ಹೋದೆವು. ನೀಲಮ್ಮನಿಗೆ ಐವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಕೈಯಲ್ಲಿ ಸದಾ ಸೂಜಿ. ಗಂಡ ಕಬ್ಬಿನ ಕಾರ್ಖಾನೆಯ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿರುವುದು ಕಡಿಮೆ. ಮಂದಿ ಹಳೆ ಸೀರೆ, ಧೋತರ ತಂದುಕೊಟ್ಟರೆ ಅವನ್ನು ಒಂದರ ಮೇಲೊಂದು ಹಾಸಿ, ಬಣ್ಣ ಬಣ್ಣದ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಅವಳ ಹೊಲಿಗೆಯ ಸಾಲು ಇರುವೆ ಸಾಲಿನಂತೆ ನೆಟ್ಟಗೆ. ಹಿತ್ತಲಲ್ಲಿ ಗಿಡವೇನೋ ಇತ್ತು. ಅದನ್ನು ತೋರಿಸಿ ಒಳಗೆ ಕರೆದವಳು ಬಾಗಿಲಿಗೆ ಅಗಳಿ ಹಾಕಿ, ಕಲ್ಲಿನ ಫರಸಿ ನೆಲದ ಮೇಲೆ ಕುಸಿದು ಕೂತಳು.

ಮಗಳು ಭಾಗ್ಯಳನ್ನು ಯಡ್ರಾಮಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಸೀಮಂತದ ಕುಬಸ ಮಾಡಲು ನೀಲಮ್ಮ ಬೀಗರ ಮನೆಗೆ ಹೋಗಿ, ಹುಟ್ಟುವ ಕೂಸಿಗೆಂದು ತಿಂಗಳುಗಟ್ಟಲೆ ಹೊಲಿದ ಪುಟ್ಟ ಕೌದಿಯನ್ನು ಹೆಂಗಸರೆಲ್ಲರ ಮುಂದೆ ಬಿಚ್ಚಿದ್ದಾಳೆ. ಅದರ ಮಡಿಕೆಯಿಂದ ಒಂದು ತಗಣೆ ಹೊರಬಂದು, ಯಾರ ಹಂಗೂ ಇಲ್ಲದಂತೆ, ನಡುವಿನ ಕೆಂಪು ತುಂಡಿನ ಮೇಲೆ ನಡೆದುಕೊಂಡು ಹೋಗಿದೆ.

“ಬೀಗತಿ ಮಂದ್ಯಾಗ ಒಂದು ಮಾತೂ ಆಡ್ಲಿಲ್ಲ. ಕೌದಿ ಮಡಚಿ ಬಾಜೂಕ ಇಟ್ಟಳು. ಆಮ್ಯಾಲ ಅಡಗಿಮನ್ಯಾಗ ಕರದು, ‘ನೀಲವ್ವಾರ, ಹುಡುಗಿ ಸದ್ಯಾ ಇಲ್ಲೇ ಇರ್ಲಿ. ನಿಮ್ಮ ಮನಿ ಛಲೋ ಮಾಡ್ಕೋರಿ, ಆಮ್ಯಾಲ ಕರಕೊಂಡು ಹೋಗ್ರಿ’ ಅಂದ್ಳು. ಆಕೀದೇನು ತಪ್ಪು? ಎಳೀ ಕೂಸು ಬರೂ ಮನಿ.” ಕಣ್ಣೊರೆಸಿಕೊಂಡಳು. “ನನ್ನ ಚೊಚ್ಚಲ ಬಾಣಂತನಾ ನಮ್ಮವ್ವ ಮಾಡಿದ್ಳು. ನನ್ನ ಮಗಳಿಗಿ ನಾ ಮಾಡ್ಲಿಲ್ಲಾಂದ್ರ ಹ್ಯಾಂಗ? ಪ್ಯಾಟಿ ಔಷಧ ಹೊಡದೆ. ನನಗೇ ಉಸಿರು ಹಿಡೀತು, ಅವು ಹೊಳ್ಳಿ ಬಂದ್ವು.”

ಎಲ್ಲಿಂದ ಬಂದವೆಂದು ಅವಳಿಗೂ ಗೊತ್ತಿತ್ತು. ಹೊರಗಿನ ಕೋಣೆಯಲ್ಲಿ, ಮಂದಿ ತಂದುಕೊಟ್ಟ ಹಳೆ ಸೀರೆಯ ಗಂಟುಗಳನ್ನಿಡುವ ಕಟ್ಟಿಗೆಯ ಅಟ್ಟವಿತ್ತು. ಹಲಗೆಯ ಸಂದಿಯಲ್ಲಿ ನಾನು ಟಾರ್ಚ್ ಬಿಟ್ಟೆ. ಮೂರು ತಾಲೂಕು ತಿರುಗಿ ಸಿಗದಿದ್ದ ಸಂಪತ್ತು ಅಲ್ಲಿ ಸಾಲುಗಟ್ಟಿ ಕೂತಿತ್ತು. ರೇಷ್ಮಾ ನನ್ನ ತೋಳು ಚಿವುಟಿದಳು. ನೀಲಮ್ಮ ಅಳುತ್ತಿದ್ದಾಗ ನಮಗೆ ಒಳಗೊಳಗೇ ಆದ ಆನಂದವನ್ನು ಮುಖದಲ್ಲಿ ತೋರಗೊಡದಿರಲು ಪಟ್ಟ ಪಾಡು ನಮಗೇ ಗೊತ್ತು.

ಆ ದಿನ ಡಬ್ಬಿಗಳಲ್ಲಿ ಹುಳ ತುಂಬಿಕೊಂಡು ಕಲಬುರಗಿಗೆ ಬಂದೆವು. ತಟ್ಟೆಗಳಲ್ಲಿ ಕಾಗದ ಹಾಸಿ, ಒಂದಕ್ಕೆ ಬರೀ ನೀರು, ಒಂದಕ್ಕೆ ಎಲೆಯ ಸಾರ, ಒಂದಕ್ಕೆ ಕಂದು ನೀರು ಸಿಂಪಡಿಸಿ ಹುಳ ಬಿಟ್ಟೆವು. ಮಾರನೆಯ ಬೆಳಿಗ್ಗೆ ಬರೀ ನೀರಿನ ತಟ್ಟೆಯಲ್ಲಿ ಎಲ್ಲವೂ ಆರಾಮವಾಗಿ ಓಡಾಡಿಕೊಂಡಿದ್ದವು. ಎಲೆಯ ಸಾರದ್ದರಲ್ಲಿ ಕೆಲವು ಬಿದ್ದಿದ್ದವು, ಕೆಲವು ತೂರಾಡುತ್ತಿದ್ದವು. ಕಂದು ನೀರಿನ ತಟ್ಟೆಯಲ್ಲಿ ಹೆಚ್ಚು ಕಡಿಮೆ ಎಲ್ಲ ಅಂಗಾತ. ಮತ್ತೆ ಮತ್ತೆ ಮಾಡಿದರೂ ಹಾಗೆಯೇ ಬಂತು. ಸರ್ ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿ, “ಹೂಂ” ಎಂದರು. ಅವರ ಬಾಯಿಂದ “ಹೂಂ” ಎಂದರೆ ಬೇರೆಯವರು ಪೇಢೆ ಹಂಚಿದ ಹಾಗೆ.

ಸಂಗತಿ ತಿಳಿದ ನೀಲಮ್ಮ ಫೋನಿನಲ್ಲೇ ಅವಸರ ಮಾಡಿದಳು. “ಆ ಕಂದು ನೀರು ಕೊಡದ ತುಂಬಾ ತರ್ರಿ. ಕೌದಿಗಿ, ಹೊರಸಿಗಿ, ತೊಟ್ಟಿಲಕ ಎಲ್ಲಾಕೂ ಹೊಡದುಬಿಡೋಣು.”

ನನಗೂ ಆಸೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಸರ್ ಹತ್ತಿರ ಹೋದೆ. ಅವರು ಕನ್ನಡಕ ತೆಗೆದರು.

“ತಟ್ಟಿಯೊಳಗಿನ ತಗಣಿ ಬ್ಯಾರೆ, ತೊಟ್ಟಿಲ ಬಾಜೂ ತಗಣಿ ಬ್ಯಾರೆ. ಹುಳಾ ಸಾಯ್ತದ ಅಂತ ನಮಗ ಗೊತ್ತಾಗ್ಯಾದ. ಕೂಸಿನ ಮೈಗಿ ಏನಾಗ್ತದ ಅಂತ ಗೊತ್ತಿಲ್ಲ. ಗೊತ್ತಿಲ್ಲ ಅಂತ ಆ ತಾಯಿಗಿ ಹೇಳಿ ಬರ್ರಿ.”

ಹೇಳಲು ಹೋದೆವು. ನೀಲಮ್ಮ ಕೇಳಿಸಿಕೊಂಡು ಸಿಟ್ಟಾದಳು. “ನನ್ನ ಮೊಮ್ಮಗಂದು ಚಿಂತಿ ನನಗಿಲ್ಲೇನು? ನಾ ಹೂಂ ಅಂದಮ್ಯಾಲ ನಿಮ್ಮದೇನು ಅಡ್ಡಿ?”

“ನೀಲಮ್ಮಾರ, ಪ್ಯಾಟಿ ಔಷಧದ ಡಬ್ಬಿ ಮ್ಯಾಲ ಏನೇನೋ ಬರದಿರ್ತದ. ನಮ್ಮ ನೀರಿನ ಬಗ್ಗೆ ಹಂಗ ಬರಿಯಾಕ ನಮಗಿನ್ನಾ ಧೈರ್ಯ ಇಲ್ರಿ. ಕೂಸು ಮಲಗೂ ಜಾಗಾಕ ನಾವು ಹಾಕಂಗಿಲ್ಲ. ಆದ್ರ ಕೂಸಿನ ಕೋಣಿ ಸ್ವಚ್ಛ ಮಾಡಿ ಕೊಡ್ತೇವಿ. ಕುದಿಯೂ ನೀರು ಅದ, ಬಿಸಲ ಅದ, ತಪ್ಪಲ ಅದ, ನಾವಿಬ್ಬರೂ ಅದೇವಿ” ಎಂದೆ.

ಅವಳು ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಆಮೇಲೆ ಎದ್ದು, “ಹಂಡೇವಿಗಿ ನೀರು ಹಾಕ್ತೇನಿ ನಡ್ರಿ” ಎಂದಳು.

ಬಿಸಿಲಿದೆ ಎಂದು ಹೇಳಿದ್ದೇನೋ ನಾನೇ, ಆದರೆ ಬಿಸಿಲಿರಲಿಲ್ಲ. ಪುಷ್ಯ ಮಳೆ ಬಿಡದೆ ಹಿಡಿದುಕೊಂಡಿತ್ತು. ಕೆಲಸ ಅರ್ಧಕ್ಕೆ ನಿಂತು, ನಾವು ಅಫಜಲಪುರದ ಬಸ್ ನಿಲ್ದಾಣದಲ್ಲಿ ಇಳಿದು ಮುಗಿಲು ನೋಡುವುದು, ನೀಲಮ್ಮ ಬಾಗಿಲಲ್ಲಿ ನಿಂತು ಮುಗಿಲು ನೋಡುವುದು. ಅತ್ತ ಭಾಗ್ಯಳ ದಿನಗಳು ಹತ್ತಿರ ಬರುತ್ತಿದ್ದವು. ಕಡೆಗೊಂದು ಸೋಮವಾರ ಮಳೆ ಹೊಳವಾಗಿ, ಎರಿ ಹೊಲಗಳಿಂದ ಹಬೆ ಏಳುವಂಥ ಬಿಸಿಲು ಬಿತ್ತು.

ಆ ದಿನದ ಗದ್ದಲ ನೆನೆದರೆ ಈಗಲೂ ಕೈ ಚುರುಕಾಗುತ್ತವೆ. ಒಳಕೋಣೆಯ ಹೊರಸನ್ನು ಅಂಗಳಕ್ಕೆ ತಂದು, ಹಳೆಯ ನುಲಿ ಬಿಚ್ಚಿ ಸುಟ್ಟೆವು. ಕಾಲು, ಚೌಕಟ್ಟುಗಳ ಸಂದಿಗೆ ಕುದಿಯುವ ನೀರು ಸುರಿದು ನೆಲಕ್ಕೆ ಕುಕ್ಕಿದೆವು. ತೊಗರಿ ಕಟ್ಟಿಗೆಯ ಉರಿಯಲ್ಲಿ ಹಂಡೇವು ಕುದಿಯಿತು, ಗಂಟುಗಂಟು ಸೀರೆಗಳು ಅದರಲ್ಲಿ ಮುಳುಗೆದ್ದು ಓಣಿಯ ಉದ್ದಕ್ಕೂ ಒಣಗಿದವು. ಒಳಕೋಣೆಯ ಗೋಡೆಯ ಬಿರುಕುಗಳನ್ನು ಸೀತಾಫಲದ ಕಷಾಯದಿಂದ ತೊಳೆದು ಸುಣ್ಣ ಮೆತ್ತಿದೆವು. ಓಣಿಯ ಹೆಂಗಸರು ಬಂದು, “ಏನು ಹಬ್ಬರೀ ನೀಲವ್ವ?” ಎಂದರೆ, “ಮಗಳು ಬರ್ತಾಳ್ರಿ” ಎನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸುಣ್ಣದ ಕೈ ತೊಳೆದು ಉಂಡ ಆ ಊಟದಂಥ ಊಟ ನಾನು ಯಾವ ಮದುವೆಯಲ್ಲೂ ಉಂಡಿಲ್ಲ.

ಕೆಲವು ದಿನಗಳಾದ ಮೇಲೆ ನೋಡಲು ಹೋದೆವು. ನೀಲಮ್ಮ ಒಳಕೋಣೆಗೆ ಕರೆದೊಯ್ದು ಹೊಸ ನುಲಿಯ ಮೇಲೆ ಬೆರಳಿಟ್ಟಳು. ಎಳ್ಳಿಗಿಂತ ಸಣ್ಣದು, ಬೆಳ್ಳಗೆ, ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿ. ಒಂದಲ್ಲ, ಹಲವು.

ರೇಷ್ಮಾ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ನಾನು ಟಾರ್ಚ್ ಹಿಡಿದು, ಗೋಡೆಯ ಗುಂಟ ನೋಡುತ್ತ ನೋಡುತ್ತ ಹೊರಗಿನ ಕೋಣೆಗೆ ಬಂದೆ. ಅಟ್ಟದ ಹಲಗೆ ಗೋಡೆಯಲ್ಲಿ ಹೂತಿತ್ತು, ಅದನ್ನು ಕಿತ್ತು ಹೊರಗೆ ತಂದಿರಲಿಲ್ಲ. ಮೇಲೆ ಸುರಿದ ಬಿಸಿನೀರು ಆ ಆಳದ ಸಂದಿಗಳಿಗೆ ಮುಟ್ಟುವ ಮೊದಲೇ ಆರುತ್ತಿತ್ತು. ಅಲ್ಲಿ ಮರಿಯಾಗಿ ಅವು ಒಳಗೆ ಬರುತ್ತಿದ್ದವು.

ಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಒಂದಿಷ್ಟು ಪ್ರಶ್ನೆ ಕೇಳಿದರು: ಕೂಸಿನ ಕೋಣೆಗೂ ಆ ಅಟ್ಟಕ್ಕೂ ನಡುವೆ ಗೋಡೆ ಇದೆಯೇ, ಆ ಕೋಣೆಗೆ ಬೇರೆ ಬಾಗಿಲಿದೆಯೇ, ಬೀಗ ಹಾಕಿಡಲು ಆಗುತ್ತದೆಯೇ. ಮರುದಿನ ತಾವೇ ಕಾರು ತೆಗೆದುಕೊಂಡು ಬಂದರು. ಅವರೇ ಕೈಗವಸು, ಮುಖಗವಸು ಹಾಕಿಕೊಂಡು, ಏಣಿ ಹತ್ತಿ, ಸಣ್ಣ ಕುಂಚದಿಂದ ಅಟ್ಟದ ಒಂದೊಂದು ಸಂದಿಗೂ ನಮ್ಮ ಕಂದು ನೀರು ತುಂಬಿದರು. ನಾವು ಕೆಳಗೆ ಬಾಟಲಿ ಹಿಡಿದು ನಿಂತೆವು. ಆಮೇಲೆ ಸಂದಿಗಳ ಮೇಲೆ ಸುಣ್ಣ ಮೆತ್ತಿ, ಕೋಣೆಗೆ ಬೀಗ ಹಾಕಿಸಿ, ಬೀಗದ ಕೈಯನ್ನು ನೀಲಮ್ಮನ ಕೈಗಿತ್ತರು.

“ಬಾಣಂತನಾ ಮುಗಿಯೂತನಾ ತೆಗೀಬ್ಯಾಡ್ರಿ ತಾಯಿ. ಹೊಲಿಗಿ ಪಡಸಾಲ್ಯಾಗ ಇಟ್ಕೋರಿ.”

“ಆತ್ರಿ ಸಾಹೇಬ್ರ. ಎರಡು ರೊಟ್ಟಿ ಉಂಡು ಹೋಗ್ರಿ” ಎಂದಳು. ಸರ್ ಎರಡಕ್ಕೆ ನಿಲ್ಲಲಿಲ್ಲ.

ಒಳಕೋಣೆಗೆ ಮತ್ತೊಮ್ಮೆ ಕುದಿನೀರು, ಕಷಾಯ, ಸುಣ್ಣ ಎಲ್ಲ ಆದವು. ಆಮೇಲೆ ನಾವು ಹೋದಾಗಲೆಲ್ಲ ಹೊರಸಿನ ಕಾಲಿನ ಕೆಳಗೆ ಬಿಳಿ ಬಟ್ಟೆ ಹಾಸಿ ಕುಕ್ಕಿ ನೋಡುತ್ತಿದ್ದೆವು. ಮೊದಲ ಸಲ ಒಂದು ಸತ್ತ ಮರಿ ಬಿತ್ತು. ಆಮೇಲೆ ಏನೂ ಬೀಳಲಿಲ್ಲ. ಮತ್ತೂ ಒಂದು ಸಲ ಏನೂ ಬೀಳಲಿಲ್ಲ. ನೀಲಮ್ಮ ಯಡ್ರಾಮಿಗೆ ಫೋನ್ ಮಾಡಿದಳು.

ಬೀಗತಿ ಶಾಂತಾಬಾಯಿ ತಾವೇ ನೋಡಲು ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ನಾವಿಬ್ಬರೂ ಅಂದು ಅಲ್ಲಿಯೇ ಇದ್ದೆವು. ನೀಲಮ್ಮ ಹೋಳಿಗೆ ಮಾಡಿದ್ದಳು. ಶಾಂತಾಬಾಯಿ ಹೋಳಿಗೆ ಉಂಡು, ತುಪ್ಪದ ಕೈ ತೊಳೆದು, ಗೋಡೆ ನೋಡಿದರು, ಮೂಲೆ ನೋಡಿದರು, ಹೊರಸಿನ ನುಲಿ ಎತ್ತಿ ನೋಡಿದರು.

“ಉಂಡದ್ದು ಭಾಳಾತು. ಇಲ್ಲೇ ಜರಾ ಅಡ್ಡಾಗ್ತೇನಿ” ಎಂದು ಅದೇ ಹೊರಸಿನ ಮೇಲೆ ಕಾಲು ಚಾಚಿದರು.

ನಾವು ಮೂವರೂ ಪಡಸಾಲೆಗೆ ಬಂದು ಕೂತೆವು. ಅವರು ಮಗ್ಗಲು ಬದಲಿಸಿದರೆ ಹೊರಸು ಕಿರ್ ಅನ್ನುತ್ತಿತ್ತು, ನಮ್ಮ ಜೀವ ಝಲ್ ಅನ್ನುತ್ತಿತ್ತು. ನೀಲಮ್ಮ ಕೈಯಲ್ಲಿ ಕೌದಿ ಹಿಡಿದಿದ್ದಳೇ ಹೊರತು ಒಂದು ಹೊಲಿಗೆಯನ್ನೂ ಹಾಕಲಿಲ್ಲ. ರೇಷ್ಮಾ ತುಟಿಯಲ್ಲೇ ಏನೋ ದುವಾ ಹೇಳಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ಸದ್ದು ಬಂತು. ನಾನು ಇಣುಕಿ ನೋಡಿದೆ. ಶಾಂತಾಬಾಯಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ನೀಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿದ್ದವು, ಅಳುತ್ತಿದ್ದಾಳೆಂದು ನಾನು ಮುಟ್ಟಿದರೆ ನಗುತ್ತಿದ್ದಳು.

ಸಂಜೆ ಚಹಾದ ಹೊತ್ತಿಗೆ ಎದ್ದ ಶಾಂತಾಬಾಯಿ ತೋಳು ಮಗುಚಿ ನೋಡಿಕೊಂಡರು, ಕುತ್ತಿಗೆ ಸವರಿಕೊಂಡರು. ಆಮೇಲೆ ಮಗನಿಗೆ ಫೋನ್ ಮಾಡಿದರು.

“ನಾಳೆ ಭಾಗ್ಯಾನ ಕರಕೊಂಡು ಬಾ. ಬರೂ ಮುಂದ ನನ್ನವು ನಾಕು ಸೀರಿ ತಗೊಂಡು ಬಾ. ನಾನೂ ಇಲ್ಲೇ ಇರ್ತೇನಿ.” ಫೋನ್ ಇಟ್ಟು ನೀಲಮ್ಮನ ಕಡೆ ತಿರುಗಿ, “ಯಾಕ್ರಿ ನೀಲವ್ವಾರ, ಇಬ್ಬರು ಸೇರಿ ಬಾಣಂತನಾ ಮಾಡಿದ್ರ ಏನರೆ ತ್ರಾಸ ಅದೇನು?” ಎಂದರು.

ಮರುದಿನ ನಾವು ಭಾಗ್ಯ ಇಳಿದು ಬರುವುದನ್ನು ನೋಡಲಿಲ್ಲ, ಕಲಬುರಗಿಯಲ್ಲಿದ್ದೆವು. ರೇಷ್ಮಾಳ ಫೋನಿಗೆ ನೀಲಮ್ಮ ಕಳಿಸಿದ ಫೋಟೊ ಬಂತು. ಹೊರಸಿನ ಮೇಲೆ ತುಂಬು ಬಸುರಿ, ಎಡಕ್ಕೊಬ್ಬಳು ತಾಯಿ, ಬಲಕ್ಕೊಬ್ಬಳು ತಾಯಿ. ದಸರೆಗೆ ಮುಂಚೆಯೇ ನಾವು ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿಯ ಮುಂದೆ ನಮ್ಮ ತಟ್ಟೆಗಳ ಫಲ ತೋರಿಸಿದೆವು. ನೀಲಮ್ಮನ ಅಟ್ಟದ ಬಗ್ಗೆ ಒಬ್ಬರು ಕೇಳಿದಾಗ ಸರ್, “ಅದು ಒಂದೇ ಮನೆ, ಅದರ ಮೇಲೆ ನಾವೇನೂ ದೊಡ್ಡ ಮಾತು ಹೇಳುವುದಿಲ್ಲ” ಎಂದರು. ವಿಷಯ ಬದಲಿಸುವ ಮಾತು ಯಾರೂ ಎತ್ತಲಿಲ್ಲ.

ಉತ್ತರಿ ಮಳೆಯಲ್ಲಿ ಭಾಗ್ಯಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಮಗೆ ಕರೆ ಬಂದಿತ್ತು. ಅಂದು ಬೆಳಿಗ್ಗೆ ಪ್ರಯೋಗಾಲಯದಲ್ಲಿ ನನ್ನ ಕೈಗವಸು ಹರಿದು, ಬೆಳ್ಳಿಯ ಉಪ್ಪಿನ ನೀರು ಬೆರಳುಗಳ ಮೇಲೆ ಚೆಲ್ಲಿತ್ತು. ಅದರ ಗುಣವೇ ಹಾಗೆ. ತೊಳೆದಾಗ ಏನೂ ಕಾಣುವುದಿಲ್ಲ, ಬಿಸಿಲಿಗೆ ಬಂದ ಮೇಲೆ ಚರ್ಮದ ಮೇಲೆ ಕಪ್ಪು ಕಲೆ ಏಳುತ್ತದೆ, ಚರ್ಮ ಹಳತಾಗಿ ಉದುರುವವರೆಗೆ ಹೋಗುವುದಿಲ್ಲ. ಅಫಜಲಪುರ ಮುಟ್ಟುವಷ್ಟರಲ್ಲಿ ನನ್ನ ಎರಡೂ ಕೈ ಚುಕ್ಕೆ ಚುಕ್ಕೆಯಾಗಿದ್ದವು.

ಮನೆ ತುಂಬ ಹೆಂಗಸರು. ನೀಲಮ್ಮ ಕೂಸನ್ನು ಎತ್ತಿಕೊಂಡು ನೇರ ನನ್ನ ಹತ್ತಿರ ಬಂದಳು. ನಾನು ಕೈ ಹಿಂದೆ ಸರಿಸಿದೆ.

“ಬ್ಯಾಡ್ರಿ ನೀಲಮ್ಮಾರ. ಸಾಬಣ ಹಚ್ಚಿ ತೊಳದೇನಿ ಖರೇ, ಆದ್ರ ನೋಡ್ರಿ, ಕೈ ಹ್ಯಾಂಗ ಕರ್ರಗ ಆಗ್ಯಾವ.”

ನೀಲಮ್ಮ ನನ್ನ ಕೈಗಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಒಂದು ಕಲೆಯನ್ನು ಉಜ್ಜಿ ನೋಡಿದಳು, ಹೋಗಲಿಲ್ಲ.

“ಛಲೋನೇ ಆತಲ್ಲ. ಎರಡೂ ಕೈತುಂಬ ದೃಷ್ಟಿ ಬೊಟ್ಟು ಇಟ್ಕೊಂಡು ಬಂದೀರಿ” ಎಂದು ಕೂಸನ್ನು ನನ್ನ ತೆಕ್ಕೆಗೆ ಹಾಕಿ, ಒಳಗಿದ್ದ ಬೀಗತಿಗೆ ಕೂಗಿ ಹೇಳಿದಳು, “ಶಾಂತಾಬಾಯಾರ, ಕಾಡಿಗಿ ಡಬ್ಬಿ ಹುಡುಕಬ್ಯಾಡ್ರಿ. ಇವತ್ತಿಂದು ಆತು.”